ಸಪ್ಪಲಮ್ಮ ಕೇಳಿದ ಮನೆ

“ಹೊಡೆಯೋನು ಯಾರು ಅಂತ ಮೊದಲು ಹೇಳಮ್ಮ. ಮನೆ ವಿಚಾರ ಆಮೇಲೆ.”

ಅಕ್ಕಿ ಗಿರಣಿಯ ಆದಿನಾರಾಯಣಪ್ಪ ಹೀಗೆ ನೇರವಾಗಿ ಕೇಳಿದಾಗ ಸಪ್ಪಲಮ್ಮ ತಲೆ ತಗ್ಗಿಸಿದಳು. ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಜಗಲಿಯಲ್ಲಿ ಕೂತವರು ಆಗಲೇ ಮುಖ ಮುಖ ನೋಡಿಕೊಂಡಿದ್ದರು. ಆ ಹೆಸರು ನೆಲಮಂಗಲದಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಜವರಪ್ಪ. ಸಪ್ಪಲಮ್ಮನ ಅಳಿಯ. ಲಾರಿಗಳಿಗೆ ಮೂಟೆ ಹೊರುವವನು. ಪಾನನಿರೋಧ ತೆಗೆದು ಸಾರಾಯಿ ಅಂಗಡಿಗಳು ಮತ್ತೆ ಬಾಗಿಲು ತೆರೆದ ಮೇಲೆ ಅವನು ಸಂಜೆಯಾದರೆ ತುಮಕೂರು ರಸ್ತೆಯ ಅಗಲ ಅಳೆಯುತ್ತಿದ್ದ. ಹೆಂಡತಿ ಮುನಿರತ್ನಮ್ಮ ವಾರ ತಪ್ಪದೆ ತವರಿಗೆ ಓಡಿಬರುವಳು. ಅತ್ತಿಗೆಯ ಪಕ್ಕ ಕೂತು ಅಳುವಳು. ಕಣ್ಣು ಊದಿಸಿಕೊಂಡು ಹಿಂತಿರುಗುವಳು. ಇಷ್ಟು ಕಂಡ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕೆ? ಪಾಪ, ಆ ತಾಯಿಯ ಸಂಕಟ ಶತ್ರುವಿಗೂ ಬೇಡ ಎಂದು ಎಲ್ಲರೂ ಮರುಗಿದರು.

ಸಪ್ಪಲಮ್ಮ ಮತ್ತು ಅವಳ ಬೀದಿಯ ನಾಲ್ಕಾರು ಹೆಂಗಸರು ಒಂದು ವರ್ಷದಿಂದ ಮನೆಮನೆಗೆ ಹೋಗಿ ಹಿಡಿ ಹಿಡಿ ಅಕ್ಕಿ ಕೂಡಿಸಿದ್ದರು. ಪಾತ್ರೆ ಪಡಗ ಸಿಕ್ಕಿತ್ತು. ಚಾಪೆ ಸಿಕ್ಕಿತ್ತು. ಸಿಗದೆ ಇದ್ದದ್ದು ಸೂರು. ಸಂತೆ ಮೈದಾನದ ಹಿಂದೆ ಆದಿನಾರಾಯಣಪ್ಪನ ಮನೆಯೊಂದು ಖಾಲಿ ಬಿದ್ದಿತ್ತು. ಗಂಡನ ಕೈಲಿ ಏಟು ತಿಂದ ಹೆಣ್ಣು ಹೆದರಿಕೆಯಿಲ್ಲದೆ ಮಲಗಲು ಅದನ್ನು ಬಿಟ್ಟುಕೊಡಿ ಎಂಬುದಷ್ಟೇ ಅವರ ಕೋರಿಕೆ.

“ಗಂಡನ್ನ ಬಿಟ್ಟು ಬಂದೋಳಿಗೆಲ್ಲ ಮನೆ ಕೊಟ್ಕೊಂಡು ಕೂತ್ರೆ ಊರು ಉಳಿದಂಗೇ!” ಎಂದು ಮೂಲೆಯಿಂದ ಮುನಿಶಾಮಪ್ಪ ಗೊಣಗಿದ. ಅವನಿಗೆ ಊರಿನ ಚಿಂತೆ ಯಾವಾಗಲೂ ಇಂಥ ಹೊತ್ತಿನಲ್ಲೇ ಹುಟ್ಟುತ್ತಿತ್ತು.

ಆಗ ಸಂಜೀವಪ್ಪ ಎದ್ದು ನಿಂತ. ಸಪ್ಪಲಮ್ಮನ ಒಬ್ಬನೇ ಮಗ, ಮಿಡ್ಲ್ ಸ್ಕೂಲಿನ ಮೇಷ್ಟ್ರು. ಇಸ್ತ್ರಿ ಮಾಡಿದ ಖಾದಿ ಜುಬ್ಬ. ಬೀಡಿ ಇಲ್ಲ, ಹೆಂಡ ಇಲ್ಲ, ಬೀದಿಯಲ್ಲಿ ಯಾರೊಂದಿಗೂ ಗಟ್ಟಿ ಮಾತಿಲ್ಲ. ತಾಯಿ ಕರೆದಳೆಂದು ರಜೆ ಹಾಕಿ ಬಂದಿದ್ದ.

“ಏಟು ತಿಂದೋಳು ಬಾಯಿ ಬಿಡಲ್ಲ ಯಜಮಾನ್ರೆ,” ಎಂದ. “ಬೆನ್ನಿನ ಬಾಸುಂಡೆ ಸೆರಗಲ್ಲಿ ಮುಚ್ಕೋತಾಳೆ. ಯಾರಾದ್ರೂ ಕೇಳಿದ್ರೆ ಬಚ್ಚಲಲ್ಲಿ ಜಾರಿದೆ ಅಂತಾಳೆ. ಗಂಡ ಚಪ್ಪಲಿ ಬಿಡೋ ಸದ್ದಿಗೇ ಅವಳ ಕೈಲಿರೋ ಲೋಟ ನಡುಗುತ್ತೆ.”

ಕಣ್ಣಾರೆ ಕಂಡವನ ಹಾಗೆ ಹೇಳಿದ. ತಂಗಿಯ ಮೇಲೆ ಎಂಥ ಕರುಳು ಎಂದುಕೊಂಡರು ಕೇಳಿದವರು. ಬಾಗಿಲ ಮರೆಯಲ್ಲಿದ್ದ ಆದಿನಾರಾಯಣಪ್ಪನ ಹೆಂಡತಿ ಕಣ್ಣೊರೆಸಿಕೊಂಡಳು. ಸಪ್ಪಲಮ್ಮ ಮಾತ್ರ ಮಗನ ಕಡೆ ನೋಡಲಿಲ್ಲ.

ಆದರೆ ಆದಿನಾರಾಯಣಪ್ಪ ವ್ಯಾಪಾರದ ಮನುಷ್ಯ. ಸುಲಭಕ್ಕೆ ಬಗ್ಗುವವನಲ್ಲ.

“ಅದೆಲ್ಲ ಸರಿ ಮೇಷ್ಟ್ರೆ. ತವರು ಅಂತ ಒಂದಿರೋದು ಯಾಕೆ? ಸಪ್ಪಲಮ್ಮ, ನೀನಿದೀಯ, ದೇವರಂಥ ಮಗ ಅವ್ನೆ. ನಿನ್ನ ಮನೇಲೇ ಇಟ್ಕೊಳ್ಳೋದು ಬಿಟ್ಟು ನನ್ನ ಮನೆ ಯಾಕೆ ಬೇಕು?”

ಸಪ್ಪಲಮ್ಮ ಈಗ ತಲೆ ಎತ್ತಿದಳು.

“ನಮ್ಮನೇಲಿ ಇಟ್ಕೊಳ್ಳೋಕಾಗಲ್ಲ ಬುದ್ಧಿ. ಇಟ್ಕೊಂಡ್ರೆ ಒಂದಿನ ಹೆಣ ಎತ್ತಬೇಕಾಗ್ತದೆ.”

ಕುಡಿದ ಜವರಪ್ಪ ಮಚ್ಚು ಹಿಡಿದು ಅತ್ತೆಯ ಮನೆ ಬಾಗಿಲು ಒದೆಯುವುದು ಎಲ್ಲರ ಕಣ್ಣ ಮುಂದೆ ಬಂತು.

ಆದಿನಾರಾಯಣಪ್ಪ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಸಪ್ಪಲಮ್ಮನ ಸೆರಗಿಗೆ ಹಾಕಿದ. ಹತ್ತು ಜನರ ಎದುರು ಎಲೆ ಅಡಿಕೆ ಕೊಟ್ಟ ಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ.

“ಯಾವ ಗಂಡಸೂ ಆ ಮನೆ ಹೊಸಲು ದಾಟಬಾರದು,” ಎಂದು ಸಂಜೀವಪ್ಪ ಸೇರಿಸಿದ. “ಗಂಡ ಆಗ್ಲಿ, ಅಣ್ಣ ಆಗ್ಲಿ. ನಾನೂ ದಾಟಲ್ಲ.”

ಭಲೇ ಮೇಷ್ಟ್ರೆ ಎಂದು ಜನ ಅವನನ್ನು ಸುತ್ತಿಕೊಂಡರು. ಒಳಗಿನಿಂದ ಕಾಫಿ ಬಂತು. “ಬೇಡ ತಾಯಿ, ಸೊಸೆ ಒಬ್ಬಳೇ ಅವ್ಳೆ,” ಎಂದು ಸಪ್ಪಲಮ್ಮ ಎದ್ದುಬಿಟ್ಟಳು.

ಶುಕ್ರವಾರ ಆ ಖಾಲಿ ಮನೆಯ ಬಾಗಿಲಿಗೆ ಮಾವಿನ ತೋರಣ ಬಿತ್ತು. ಬಾಡಿಗೆ ಮೈಕೂ ಬಂತು. ಬೆಳಿಗ್ಗೆ ಬೇಗನೆ ಹೊರಟು ಬಂದಿದ್ದ ಸಂಜೀವಪ್ಪ ಭಾಷಣ ಶುರುಮಾಡಿದ್ದ. ಸ್ತ್ರೀಕುಲದ ಕಣ್ಣೀರಿನ ಬಗ್ಗೆ ಅವನು ಹೇಳುತ್ತಿರುವಾಗಲೇ ಎತ್ತಿನ ಗಾಡಿಯೊಂದು ಬಂದು ನಿಂತಿತು. ಗಾಡಿ ಹೊಡೆಯುತ್ತಿದ್ದವನು ಜವರಪ್ಪ.

ಗುಂಪು ಕದಲಿತು. ಇಬ್ಬರು ತೋಳೇರಿಸಿದರು. “ಜವರಪ್ಪ, ಅಲ್ಲೇ ನಿಲ್ಲು!” ಎಂದ ಸಂಜೀವಪ್ಪ, ಮೈಕಿನಲ್ಲೇ.

ಜವರಪ್ಪ ಒಂದು ಹಳೆಯ ಟ್ರಂಕು ಇಳಿಸಿ ಪಕ್ಕಕ್ಕೆ ನಿಂತ. ಮುನಿರತ್ನಮ್ಮ ಗಾಡಿಯಿಂದ ಧುಮುಕಿದಳು.

“ಬಾ ತಾಯಿ, ಬಲಗಾಲಿಟ್ಟು ಒಳಕ್ಕೆ ಬಾ,” ಎಂದ ಆದಿನಾರಾಯಣಪ್ಪ.

“ನಾನ್ಯಾಕೆ ಬುದ್ಧಿ?” ಎಂದಳು ಅವಳು. “ನನ್ನ ಗಂಡ ಕುಡೀತಾನೆ, ಬಿದ್ಕೋತಾನೆ. ಇವತ್ತಿನವರೆಗೂ ಒಂದೇಟು ಹೊಡೆದೋನಲ್ಲ.”

ಗಂಡ ಹೆಂಡತಿ ಇಬ್ಬರೂ ಸೇರಿ ಗಾಡಿಯೊಳಗಿಂದ ಇನ್ನೊಬ್ಬಳನ್ನು ಮೆಲ್ಲಗೆ ಇಳಿಸಿದರು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಮುರಿದ ಕೈಯನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದರು. ಇಪ್ಪತ್ತು ದಾಟಿರದ ಹುಡುಗಿ. ಮೈಕು ಗಪ್ಪಾಯಿತು.

ಸಪ್ಪಲಮ್ಮ ಓಡಿಹೋಗಿ ಅವಳನ್ನು ಎದೆಗೊತ್ತಿಕೊಂಡಳು. ಇಷ್ಟು ದಿನ ತಡೆದಿದ್ದ ಅಳುವನ್ನು ಊರಿನವರ ಎದುರೇ ಬಿಟ್ಟುಕೊಟ್ಟಳು.

“ಯಾರಮ್ಮ ಈ ಮಗು?” ಎಂದ ಆದಿನಾರಾಯಣಪ್ಪ.

“ಅಪ್ಪ ಅಮ್ಮ ಇಲ್ಲದೋಳು ಬುದ್ಧಿ, ಇವಳಿಗೆ ತವರಿಲ್ಲ,” ಎಂದಳು ಸಪ್ಪಲಮ್ಮ. “ನನ್ನ ಸೊಸೆ. ಮೈಕ್ ಮುಂದೆ ನಿಂತವ್ನಲ್ಲಾ, ಅವನ ಹೆಂಡ್ತಿ.”