ತಿಮ್ಮನ ಫೋಟೋಗೆ ಮಾಲೆ

ಹೆಬ್ಬೆರಳು ಫೋನಿನ ಮೇಲೆಯೇ ನಿಂತಿತ್ತು. ಒತ್ತಲು ಧೈರ್ಯ ಬರಲಿಲ್ಲ.

“ವಿಡಿಯೋ ಕಾಲ್ ಮಾಡು ತನುಜಾ,” ಎಂದರು ಪ್ರಿನ್ಸಿಪಾಲರು. “ನಾವೆಲ್ಲ ಜೊತೆಗಿದ್ದೇವೆ ಅಂತ ಆ ತಾಯಿಗೆ ಕಾಣಬೇಕು.”

“ನನ್ನ ಹತ್ರ ಆಗೂದಿಲ್ಲ ಸರ್. ಎಂಥ ಅಂತ ಹೇಳೂದು?”

“ಎಂಥದೂ ಹೇಳೂದು ಬೇಡ. ಮನೆಗೆ ತಿಳಿಸೂದು ಮೇಲಿನವರ ಕೆಲಸ, ನಿನ್ನೆಯೇ ತಿಳಿಸಿರ್ತಾರೆ. ನೀನು ಬರೀ ತೋರಿಸು.”

ಶಿರಸಿಯ ಆ ಕಾಲೇಜಿನ ಸಭಾಂಗಣದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮುಂದಿನ ಮೇಜಿನ ಮೇಲೆ ತಿಯಾಮಿಕೆಯ ಫೋಟೋ. ಕಾಡು ಮರಗಳ ಬಗ್ಗೆ ಓದಲು ಮಲಾವಿ ದೇಶದಿಂದ ಬಂದ ಹುಡುಗ. ಮೆಸ್ಸಿನ ಅಡುಗೆಯ ಮಹೇಶ್ವರಕ್ಕನ ನಾಲಿಗೆಗೆ ಆ ಹೆಸರು ಹೊರಳದೆ ಮೊದಲ ದಿನವೇ ಅವನು ತಿಮ್ಮನಾದ. ಆಮೇಲೆ ಊರಿಗೆಲ್ಲ ತಿಮ್ಮನೇ. ಈಗ ಅದೇ ಮಹೇಶ್ವರಕ್ಕ ದೀಪಕ್ಕೆ ಎಣ್ಣೆ ಹಾಕಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಫೋಟೋ ಅವನು ಓಟದಲ್ಲಿ ಗೆದ್ದ ದಿನದ್ದು, ಬಾಯ್ತುಂಬ ನಗು. ಅಂದು ಹುಡುಗರು ಕೊರಳಿಗೆ ಹಾಕಿದ ಸೇವಂತಿಗೆ ಮಾಲೆಯನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿ ಕುಣಿದಿದ್ದ. ಅದೇ ಹುಡುಗರು ಇಂದು ಫೋಟೋಗೆ ಮಾಲೆ ತಂದಿದ್ದರು.

ಅವನನ್ನು ನಿಲ್ಕುಂದದ ಕಾಡಿಗೆ ಕರೆದೊಯ್ದವಳು ಜೊತೆಯಲ್ಲಿ ಓದುವ ತನುಜಾ. ಅವಳು ಸಿದ್ದಾಪುರದ ಕಡೆಯ ಮನ್ಮನೆಯವಳು. ಬೇಸಿಗೆಯಲ್ಲಿ ಕಾಡಿನ ಉಣುಗು ಹುಳ ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆಂದು ಕೇಳುತ್ತಲೇ ಬೆಳೆದವಳು. ಅಂಥವಳೇ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಮರೆತು ಹೋಗಿದ್ದಳು. ಜ್ವರದಲ್ಲಿ ಬೇಯುತ್ತ ಅವನು ಕೇಳಿಕೊಂಡದ್ದು ಒಂದೇ: ಅಮ್ಮನಿಗೆ ಹೇಳಬೇಡ, ಕಾಡಿನಲ್ಲಿ ಸಿಗ್ನಲ್ ಇಲ್ಲ ಅನ್ನು. ಅವಳು ಹಾಗೆಯೇ ಹೇಳಿದಳು. ಇಂದು ಇಳಿದೀತು, ನಾಳೆ ಇಳಿದೀತು ಎಂದುಕೊಂಡ ಜ್ವರ ಅವನನ್ನೇ ಕೊಂಡೊಯ್ದಿತು.

‘ನನ್ನ ಮಗ ನಿನ್ನ ಕೈಯಲ್ಲಿದ್ದಾನೆ’ ಎಂದು ಪ್ರತಿ ಸಲವೂ ಹೇಳುತ್ತಿದ್ದ ತಾಯಿಗೆ ಯಾವ ಮುಖ ತೋರಿಸುವುದು? ಅವಳು ಕ್ಷಮಿಸಬೇಕು, ಇಲ್ಲವೇ ಬಾಯಿಗೆ ಬಂದಂತೆ ಬೈಯಬೇಕು. ಎರಡರಲ್ಲಿ ಒಂದಾಗದೆ ತನುಜಾಳಿಗೆ ಅನ್ನ ಇಳಿಯುವಂತಿರಲಿಲ್ಲ.

ಕಣ್ಣು ಮುಚ್ಚಿ ಒತ್ತಿದಳು.

“ಮಗಳೇ!” ಹಳದಿ ತಲೆವಸ್ತ್ರದ ಆ ಹೆಂಗಸು ತನ್ನ ಹರಕು ಇಂಗ್ಲಿಷಿನಲ್ಲಿ ಕೂಗಿದಳು.

ತನುಜಾಳಿಗೆ ಮಾತಿನ ಬದಲು ಅಳು ಬಂತು. ಫೋನು ತಿರುಗಿಸಿ ಫೋಟೋ, ಮಾಲೆ, ದೀಪ, ಕೈಮುಗಿದು ನಿಂತ ಜನ, ಎಲ್ಲವನ್ನೂ ತೋರಿಸಿದಳು. ಇನ್ನು ಬಾಯಿಬಿಟ್ಟು ಹೇಳುವುದಕ್ಕೆ ಏನಿತ್ತು?

ತಾಯಿ ಎದೆಗೆ ಕೈಯಿಟ್ಟುಕೊಂಡಳು. ಅವಳ ಕಣ್ಣೂ ತುಂಬಿ ಬಂತು.

“ಇಷ್ಟು ಜನ ನನ್ನ ಮಗನಿಗಾಗಿ ಬಂದಿದ್ದಾರಾ?”

“ಇಡೀ ಕಾಲೇಜೇ ಬಂದಿದೆ ಅಮ್ಮಾ.”

“ಇದನ್ನು ನೋಡಲು ಅವನ ಅಪ್ಪ ಬದುಕಿರಬೇಕಿತ್ತು.”

ಅವಳು ತಿರುಗಿ ಯಾರನ್ನೋ ಕರೆದಳು. ನೆರೆಹೊರೆಯ ಹೆಂಗಸರು ಓಡಿಬಂದು ಫೋನಿಗೆ ಮುತ್ತಿಕೊಂಡರು. ಒಬ್ಬಳು ಹಾಡು ಎತ್ತಿದಳು, ಉಳಿದವರು ಚಪ್ಪಾಳೆ ತಟ್ಟಿದರು. ತಾಯಿ ನಾಲಿಗೆ ಹೊರಳಿಸುತ್ತ ಉದ್ದಕ್ಕೆ ದನಿ ತೆಗೆದಳು. ಆ ದನಿಗೆ ಸಭಾಂಗಣದ ಮೈ ಜುಮ್ಮೆಂದಿತು.

“ಅವರ ಕಡೆ ಹಾಡಿ ಕಳಿಸೂದು ಪದ್ಧತಿ ಇರಬೇಕು,” ಎಂದರು ಪ್ರಿನ್ಸಿಪಾಲರು, ಕನ್ನಡಕ ಒರೆಸಿಕೊಳ್ಳುತ್ತ.

“ಎಂಥಾ ಗಟ್ಟಿಗಿತ್ತಿ ಮಾರಾಯ್ತಿ!” ಎಂದಳು ಮಹೇಶ್ವರಕ್ಕ.

ತನುಜಾಳಿಗೆ ತಡೆಯಲಾಗಲಿಲ್ಲ. “ನನ್ನ ಮೇಲೆ ಸಿಟ್ಟಿಲ್ವಾ ಅಮ್ಮಾ? ಸಿಗ್ನಲ್ ಇಲ್ಲ ಅಂತ ನಾನು ಸುಳ್ಳು ಹೇಳಿದೆ.”

“ಇದನ್ನು ಮುಚ್ಚಿಡುವುದಕ್ಕೇ ತಾನೆ? ಅವನೇ ಹೇಳಿಸಿದ್ದು, ನನಗೆ ಗೊತ್ತು. ನೀನು ಅಳಬೇಡ ಮಗಳೇ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಷ್ಟೋ ದಿನದ ಮೇಲೆ ತನುಜಾ ಸರಿಯಾಗಿ ಉಸಿರಾಡಿದಳು. ಕ್ಷಮೆ ಸಿಕ್ಕಿತು, ಅದೂ ಹೆತ್ತವಳ ಬಾಯಿಂದ.

ಹಾಡು ನಿಂತಿತು. ತಾಯಿ ಕಣ್ಣೊರೆಸಿಕೊಂಡು ಫೋನಿಗೆ ಮುಖ ಹತ್ತಿರ ತಂದಳು.

“ಸಾಕು, ಇನ್ನು ಫೋನು ಅವನ ಕೈಗೆ ಕೊಡು. ಈ ಸಲ ಏನು ಗೆದ್ದ ಅಂತ ಅವನ ಬಾಯಿಂದಲೇ ಕೇಳಬೇಕು.”