ಕಿಸೆಯಲ್ಲಿ ನಾಲ್ಕು ಏಲಕ್ಕಿ

ಒಗೆಯಲು ಹಾಕುವ ಮುಂಚೆ ಮಗನ ಪ್ಯಾಂಟಿನ ಕಿಸೆ ತಡಕಿದೆ. ನಾಲ್ಕು ಏಲಕ್ಕಿ ಸಿಕ್ಕವು.

ನನ್ನ ಅಪ್ಪ ಕುಡಿದ ದಿನಗಳಲ್ಲೆಲ್ಲ ವಾಸನೆ ಮುಚ್ಚಲು ಏಲಕ್ಕಿ ಜಗಿಯುತ್ತಿದ್ದರು. ಕುಡಿತ ಬಿಡುವವರ ಸಭೆ ಭಾನುವಾರ ಮಧ್ಯಾಹ್ನ ವರ್ತಕ ನಗರದ ನಮ್ಮ ಮನೆ ಹತ್ತಿರದ ಶಾಲೆಯಲ್ಲೇ ಸೇರುತ್ತದೆಂದು ಅಮ್ಮನಿಗೆ ಭಜನೆಯಲ್ಲಿ ಯಾರೋ ಹೇಳಿದ್ದರು. "ಮಗಾ, ಅಪ್ಪನ ಕೈ ಬಿಡ್ಬೇಡ. ಅವರು ಒಳಗೆ ಕೂತ ಮೇಲೆಯೇ ಬಾ," ಎಂದು ಎಂಟು ವರ್ಷದ ಹುಡುಗಿಯಾಗಿದ್ದ ನನ್ನನ್ನು ಜೊತೆಗೆ ಕಳಿಸಿದಳು.

ಪಾನ್ ಅಂಗಡಿಯ ಹತ್ತಿರ ಅಪ್ಪ ಬೆವರಿದ ಕೈ ಬಿಡಿಸಿಕೊಂಡರು. "ಎರಡೇ ನಿಮಿಷ, ಇಲ್ಲೇ ನಿಲ್ಲು." ಹಿಂದಿನ ಓಣಿಯಿಂದ ಮರಳಿದಾಗ ಅವರ ಬಾಯಲ್ಲಿ ಏಲಕ್ಕಿ ಇತ್ತು.

ಶಾಲೆಯ ಬಾಗಿಲಲ್ಲಿ ಚಹಾ ಹಂಚುತ್ತಿದ್ದ ಮುದುಕರೊಬ್ಬರು ನಕ್ಕರು. "ಈ ಏಲಕ್ಕಿ ನಾನೂ ಬೇಕಾದಷ್ಟು ತಿಂದಿದ್ದೇನೆ ಮಾರಾಯ್ರೇ. ಕುಡಿದಾದ್ರೂ ಬಂದ್ರಲ್ಲ, ಬನ್ನಿ, ಕೂತ್ಕೊಳ್ಳಿ."

ಅಪ್ಪ ಚಪ್ಪಲಿ ಕಳಚಿದರು. ಒಳಗಿನ ಖಾಲಿ ಕುರ್ಚಿಯನ್ನು ನೋಡಿದರು. ಮತ್ತೆ ಚಪ್ಪಲಿ ಮೆಟ್ಟಿ, "ಮುಂದಿನ ವಾರ ಬರ್ತೇನೆ," ಎಂದು ಓಣಿಯ ಕಡೆಗೇ ನಡೆದರು.

ನಾನೊಬ್ಬಳೇ ಮನೆಗೆ ಬಂದೆ.

"ಕೂತ್ರಾ ಮಗಾ?"

"ಕೂತ್ರು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನನ್ನ ಮಗ ಇನ್ನೂ ದಿನಾ ಮನೆಗೇ ಬರುತ್ತಾನೆ, ಅಷ್ಟು ದೇವರ ದಯೆ. ಏಲಕ್ಕಿಗಳನ್ನು ಅವನ ಊಟದ ತಟ್ಟೆಯ ಪಕ್ಕ ಇಟ್ಟು, ಪ್ಯಾಂಟನ್ನು ಮೆಷಿನ್ನಿಗೆ ಹಾಕಿದೆ.