ಹೊಸ ಕಟಿಂಗ್

"ಈ ಸಲ ಬೇರೆ ಥರ ಮಾಡಿ," ಎಂದ ಗುಮಾಸ್ತ, ಕನ್ನಡಕ ತೆಗೆದು ಕುರ್ಚಿಯಲ್ಲಿ ಕೂರುತ್ತಾ.

ಕ್ಷೌರಿಕನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದಿಂದ ಈ ತಲೆ ಅವನ ಕೈಗೆ ಬರುತ್ತಿತ್ತು. ಒಮ್ಮೆಯೂ ಬಾಯಿಬಿಟ್ಟು ಏನನ್ನೂ ಕೇಳಿದ್ದಿಲ್ಲ.

"ಬೇರೆ ಅಂದ್ರೆ ಹೇಗೆ, ಸಾರ್?"

"ಹೇಗಾದ್ರೂ ಮಾಡಿ. ಹೋದ ತಿಂಗಳ ಹಾಗೆ ಇರಬಾರದು, ಅಷ್ಟೇ."

ವಿಷಯ ನಿಧಾನವಾಗಿ ಹೊರಬಿತ್ತು. ಕಚೇರಿಯಲ್ಲೂ ಅಷ್ಟೇ ವರ್ಷದಿಂದ ಲಕೋಟೆಗಳಿಗೆ ಮುದ್ರೆ ಒತ್ತುವ ಕೆಲಸ. ಬೇರೆ ವಿಭಾಗಕ್ಕೆ ಹಾಕಿ ಎಂದು ಕೇಳಲು ಆರು ಸಲ ಸಾಹೇಬರ ಬಾಗಿಲವರೆಗೆ ಹೋಗಿ, ಕೆಮ್ಮಿ, ಹಿಂತಿರುಗಿದ್ದನಂತೆ. ಖಾಲಿಯಿರುವ ಒಂದು ಜಾಗಕ್ಕೆ ಹೆಸರು ಕೊಡಲು ಇವತ್ತೇ ಕಡೆಯ ದಿನ. ನಿಮ್ಮನ್ನು ನೋಡಿದರೆ ಗೋಡೆಗೆ ಹೊಡೆದ ಮೊಳೆ ನೆನಪಾಗುತ್ತದೆ ಎಂದು ಹೆಂಡತಿ ಬೆಳಿಗ್ಗೆ ಅಂದಿದ್ದಳು. ಊಟದ ಬಿಡುವಿನಲ್ಲಿ ನೇರ ಇಲ್ಲಿಗೇ ಬಂದಿದ್ದ. ಇದೇ ಮುಖ ಹೊತ್ತು ಏಳನೇ ಸಲ ಹೋಗಲಾರೆ ಎಂದವನು, ಎಂದಿನಂತೆ ಎರಡೇ ನಿಮಿಷದಲ್ಲಿ ನಿದ್ದೆಹೋದ.

ಬೈತಲೆ ಬಲಕ್ಕೆ ತೆಗೆಯಬೇಕು, ಕಿವಿಯ ಮೇಲೆ ಸ್ವಲ್ಪ ಬಿಡಬೇಕು ಎಂದು ಕ್ಷೌರಿಕ ಲೆಕ್ಕ ಹಾಕಿದ. ಅಷ್ಟರಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದ ಬಡಗಿ ತನ್ನ ಅಳಿಯನ ಮಾತು ತೆಗೆದ. ಎರಡು ದಿನಕ್ಕೆಂದು ಬಂದ ಅಳಿಯ ಎರಡು ತಿಂಗಳಾದರೂ ಕದಲಿಲ್ಲ; ಹೊರಡಪ್ಪಾ ಎನ್ನಲು ಮಾವನಿಗೆ ನಾಲಿಗೆ ಏಳುವುದಿಲ್ಲ. ಮಾತಿಗೆ ಮಾತು ಸೇರಿತು, ಕತ್ತರಿ ತನ್ನ ಪಾಡಿಗೆ ತಾನು ನಡೆಯಿತು. ಅಳಿಯನ ಕಥೆ ಮುಗಿದು ಕ್ಷೌರಿಕ ಕನ್ನಡಿ ನೋಡಿದಾಗ, ಅಲ್ಲಿದ್ದದ್ದು ಹೋದ ತಿಂಗಳ ತಲೆಯೇ. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸರಿಪಡಿಸೋಣವೆಂದರೆ ಕತ್ತರಿಸಲು ಏನೂ ಉಳಿದಿಲ್ಲ.

ಗುಮಾಸ್ತ ಎಚ್ಚೆತ್ತು ಕನ್ನಡಕ ಹಾಕಿಕೊಂಡ. ತಪ್ಪಾಯಿತು ಎನ್ನುವ ಮಾತು ಕ್ಷೌರಿಕನ ಗಂಟಲವರೆಗೆ ಬಂದಿತ್ತು. ಗುಮಾಸ್ತ ಕನ್ನಡಿಯತ್ತ ಬಗ್ಗಿ ತನ್ನ ಮುಖವನ್ನು ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ಅವನು ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

"ನೋಡಿದ್ರಾ," ಎಂದ. "ಮನಸ್ಸು ಮಾಡಿದ್ರೆ ಮನುಷ್ಯ ಎಷ್ಟು ಬದಲಾಗಬಹುದು."

ಕ್ಷೌರಿಕ ಅವನ ಕುತ್ತಿಗೆಯ ಮೇಲಿನ ಕೂದಲನ್ನು ಮತ್ತೊಮ್ಮೆ ಕೊಡವಿದ. ಅಲ್ಲಿ ಕೂದಲಿರಲಿಲ್ಲ. ಹೇಳಲೋ ಬೇಡವೋ ಎಂದು ತೂಗುತ್ತಿದ್ದಂತೆ ಗುಮಾಸ್ತ ಮೆಟ್ಟಿಲಿಳಿದು, ಎದೆ ಮುಂದೆ ಮಾಡಿ, ಕಚೇರಿಯ ಕಡೆ ಬಿರಬಿರನೆ ಹೆಜ್ಜೆ ಹಾಕಿಬಿಟ್ಟಿದ್ದ.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬಡಗಿ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದುಬಂದು ಕುರ್ಚಿಯಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಹೇಳಿದ:

"ಅವರಿಗೆ ಮಾಡಿದ್ದನ್ನೇ ನನಗೂ ಮಾಡಿಬಿಡಪ್ಪ."